ರೂಟ್ ಕೆನಾಲಿಗೆ ಸರಕಾರಿ ಆಸ್ಪತ್ರೆಯಾ, ಪ್ರೈವೇಟಾ? ನಮ್ಮ ಮನೆಯ ಮೂರು ಹಲ್ಲಿನ ಅನುಭವ

ರೂಟ್ ಕೆನಾಲ್ ಅಂದ್ರೆ ಹಲ್ಲನ್ನು ತೆಗೆಯದೆ, ಒಳಗಿನ ಹಾಳಾದ ನರ ಮಾತ್ರ ತೆಗ್ದು ಕ್ಲೀನ್ ಮಾಡಿ ತುಂಬಿಸುವ ಚಿಕಿತ್ಸೆ. ಪೂರ್ತಿ ಓದ್ಲಿಕ್ಕೆ ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿ ಬಿಡ್ತೇನೆ. ಎದುರಿನ ಹಲ್ಲು, ಅಂದ್ರೆ ಒಂದೇ ಬೇರು ಇರುವಂಥದ್ದು ಆದ್ರೆ ಸರಕಾರಿ ಆಸ್ಪತ್ರೆಗೆ ಧೈರ್ಯವಾಗಿ ಹೋಗಿ. ದವಡೆ ಹಲ್ಲು, ಕೈಯಲ್ಲಿ ದುಡ್ಡು ಉಂಟು, ರಜೆ ಇಲ್ಲ ಅಂತಾದ್ರೆ ಒಳ್ಳೆ ಪ್ರೈವೇಟ್ ಕ್ಲಿನಿಕ್. ದವಡೆ ಹಲ್ಲು, ದುಡ್ಡು ಕಮ್ಮಿ, ಆದ್ರೆ ಹೋಗಿ ಕೂತ್ಕೊಳ್ಳುವಷ್ಟು ಸಮಯ ಉಂಟು ಅಂತಾದ್ರೆ ಡೆಂಟಲ್ ಕಾಲೇಜು. ಈ ಮೂರರಲ್ಲಿ ಯಾವುದಾದ್ರೂ ಆಗ್ಲಿ, ದುಡ್ಡಿಲ್ಲ ಅನ್ನುವ ಒಂದೇ ಕಾರಣಕ್ಕೆ ಉಳಿಯುವ ಹಲ್ಲನ್ನು ತೆಗೆಸಿ ಬರ್ಬೇಡಿ. ನಾನು ಇಷ್ಟುದ್ದ ಬರೀಲಿಕ್ಕೆ ಕೂತದ್ದೇ ಅದಕ್ಕೆ, ನಮ್ಮ ಕಡೆ ಎಷ್ಟು ಜನ ನಲುವತ್ತು ವರ್ಷಕ್ಕೇ ಒಂದು ಬದಿಯಲ್ಲಿ ಮಾತ್ರ ಅಗಿಯುವವರಿದ್ದಾರೆ ಅಂತ ನೋಡಿದ್ರೆ ಹೊಟ್ಟೆ ಉರೀತದೆ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆ, ಕುಂಬಳೆಯಿಂದ ಒಳಗೆ, ಬದಿಯಡ್ಕ ಕಡೆ. ಒಂದೆರಡು ವರ್ಷದ ಒಳಗೆ ಮನೆಯಲ್ಲಿ ಮೂರು ಜನರಿಗೆ ರೂಟ್ ಕೆನಾಲ್ ಆಯ್ತು, ಮೂರೂ ಬೇರೆ ಬೇರೆ ಕಡೆ. ಅಮ್ಮನದ್ದು ಸರಕಾರಿ ಆಸ್ಪತ್ರೆಯಲ್ಲಿ, ನನ್ನದು ಪೇಟೆಯ ಕ್ಲಿನಿಕ್ಕಲ್ಲಿ, ತಮ್ಮನದ್ದು ಡೆಂಟಲ್ ಕಾಲೇಜಲ್ಲಿ. ಯಾವುದರದ್ದೂ ಹೆಸರು ಹಾಕುವುದಿಲ್ಲ, ಡಾಕ್ಟ್ರು ಬದಲಾದ ಹಾಗೆ ಅನುಭವವೂ ಬದಲಾಗ್ತದೆ, ಒಬ್ಬರ ಮಾತು ನಂಬಿ ಒಂದು ಬಾಗಿಲಿಗೆ ಹೋಗುವುದಕ್ಕಿಂತ ಎಂತ ಕೇಳ್ಬೇಕು ಅಂತ ಗೊತ್ತಿದ್ರೆ ಸಾಕು.

ಮೊದಲು ಅಮ್ಮನದ್ದು. ಅಮ್ಮ ತುಂಬ ವರ್ಷದ ಹಿಂದೆ ಆಟಿಯ ಮಳೆಗೆ ಅಂಗಳದಲ್ಲಿ ಜಾರಿ ಬಿದ್ದು ಮೇಲಿನ ಎದುರಿನ ಹಲ್ಲಿಗೆ ಪೆಟ್ಟಾಗಿತ್ತು. ಆಗ ಹಲ್ಲು ಮುರೀಲಿಲ್ಲ, ಅಲ್ಲಾಡ್ಲೂ ಇಲ್ಲ, ಎರಡು ದಿನ ನೋವಾಗಿ ಬಿಟ್ಟಿತು. ಕಾಲ ಹೋದ ಹಾಗೆ ಆ ಒಂದು ಹಲ್ಲು ಮಾತ್ರ ಬೂದಿ ಬಣ್ಣಕ್ಕೆ ಬಂತು, ಆಮೇಲೆ ಅದರ ಮೇಲೆ ವಸಡಿನಲ್ಲಿ ಸಣ್ಣ ಗುಳ್ಳೆ ಎದ್ದು ಒಡೆದು, ಪುನಃ ಎದ್ದು, ಹೀಗೇ ನಡೀತಾ ಇತ್ತು. ನೋವಿಲ್ಲ ಅಲ್ವಾ, ಹಾಗಾಗಿ ಅಮ್ಮ ಯಾರಿಗೂ ಹೇಳ್ಲಿಲ್ಲ. ಇದು ಎಲ್ಲರಿಗೂ ಗೊತ್ತಿರ್ಬೇಕಾದ ವಿಷಯ: ಹಲ್ಲಿನ ಒಳಗಿನ ನರ, ರಕ್ತನಾಳ ಪೆಟ್ಟಿಗೋ ಹುಳುಕಿಗೋ ಸತ್ತು ಹೋದ್ರೆ ನೋವು ನಿಂತು ಹೋಗ್ತದೆ, ನಾವು ಗುಣ ಆಯ್ತು ಅಂದ್ಕೊಳ್ತೇವೆ, ಆದ್ರೆ ಸತ್ತದ್ದು ಒಳಗೆ ಕೊಳೆತು ಬೇರಿನ ತುದಿಯಿಂದ ಎಲುಬಿಗೆ ಇಳೀತಾ ಇರ್ತದೆ. ಆ ಗುಳ್ಳೆ ಅಂದ್ರೆ ಕೀವು ಹೊರಗೆ ಬರ್ಲಿಕ್ಕೆ ಮಾಡಿಕೊಂಡ ದಾರಿ.

ಸರಕಾರಿ ಆಸ್ಪತ್ರೆಯಲ್ಲಿ ಬೆಳಿಗ್ಗೆ ಬೇಗ ಹೋಗಿ ಒಪಿ ಚೀಟಿ ಮಾಡಿಸ್ಬೇಕು. ಹಲ್ಲಿನ ವಿಭಾಗದ ಎದುರು ಬೆಂಚು ತುಂಬಿ ಜನ ಗೋಡೆಗೆ ಒರಗಿ ನಿಂತಿದ್ರು. ಕೆನ್ನೆಗೆ ಬೈರಾಸು ಒತ್ತಿ ಹಿಡಿದ ಅಜ್ಜ ಒಬ್ಬರು, ಮಗುವನ್ನು ಸೊಂಟದಲ್ಲಿ ಕೂರಿಸಿದ ಅಮ್ಮಂದಿರು, ಶಾಲೆಯ ಯುನಿಫಾರ್ಮಲ್ಲಿ ಮಕ್ಕಳು. ಒಳಗೆ ಇದ್ದ ಡಾಕ್ಟ್ರು ಒಬ್ಬರೇ. ಅವರು ತೆಂಕು ಕಡೆಯಿಂದ ವರ್ಗ ಆಗಿ ಬಂದವರು, ಕನ್ನಡ ಬರುವುದಿಲ್ಲ, ಅಮ್ಮನಿಗೆ ಮಲೆಯಾಳ ಅರ್ಥ ಆಗ್ತದೆ, ಮಾತಾಡ್ಲಿಕ್ಕೆ ಬಾಯಿ ಬರುವುದಿಲ್ಲ. ಅಲ್ಲಿದ್ದ ಸಿಸ್ಟರ್ ನಮ್ಮ ಊರಿನವರೇ, ಅವರು ಮಧ್ಯೆ ನಿಂತು ಹೇಳಿ ಕೊಟ್ಟರು. ನಾನು ಇದನ್ನು ಸಣ್ಣ ವಿಷಯ ಅಂತ ಬಿಡುವುದಿಲ್ಲ. ಹಲ್ಲಿನ ನೋವಲ್ಲಿ ಡಾಕ್ಟ್ರಿಗೆ ಅರ್ಧ ರೋಗ ಗೊತ್ತಾಗುವುದೇ ನಾವು ಹೇಳುವುದರಲ್ಲಿ. ತಣ್ಣನೆ ನೀರಿಗೆ ಜುಂ ಅಂದು ಕೂಡ್ಲೇ ಹೋಗ್ತದಾ, ಬಿಸಿ ಚಾ ಕುಡಿದ ಮೇಲೆ ತುಂಬ ಹೊತ್ತು ಕಡೀತಾ ಉಳೀತದಾ, ರಾತ್ರಿ ಮಲಗಿದ್ರೆ ಜಾಸ್ತಿ ಆಗ್ತದಾ, ಅಗಿಯುವಾಗ ಮಾತ್ರವಾ, ಇಷ್ಟು ಕೇಳಿಯೇ ಅವರು ನರ ಉಳೀತದಾ ಇಲ್ವಾ ಅಂತ ಅಂದಾಜು ಮಾಡುವುದು. ಕಾಸರಗೋಡು, ಮಂಜೇಶ್ವರ ತಾಲೂಕಿನಲ್ಲಿ ಇಷ್ಟು ಕನ್ನಡದವರು ಇರುವಾಗ ಆಸ್ಪತ್ರೆಯಲ್ಲಿ ಕನ್ನಡ ಬರುವವರೊಬ್ಬರು ಇರ್ಲೇಬೇಕು, ಅದು ಆ ದಿವಸ ಯಾವ ಸಿಸ್ಟರಿಗೆ ಡ್ಯೂಟಿ ಅನ್ನುವುದರ ಮೇಲೆ ನಿಲ್ಲಬಾರದು.

ಆದ್ರೆ ಆ ಡಾಕ್ಟ್ರ ಕೆಲಸ ಮಾತ್ರ ಅಪ್ಪಟ. ಎಕ್ಸ್‌ರೇ ತೆಗೆಸಿದ್ರು, ಬೇರಿನ ತುದಿಯಲ್ಲಿ ಕಪ್ಪಗೆ ಗುಂಡಗೆ ಕಾಣುವ ಜಾಗ ತೋರಿಸಿದ್ರು, ಹಲ್ಲು ಗಟ್ಟಿ ಉಂಟು, ತೆಗೀಬೇಕಾಗಿಲ್ಲ, ಇಲ್ಲೇ ಮಾಡಿ ಕೊಡ್ತೇನೆ ಅಂದ್ರು. ಮಿಷನ್ ಇರ್ಲಿಲ್ಲ, ಕೈಯಲ್ಲೇ ತೆಳು ಸೂಜಿಯ ಹಾಗಿನ ಫೈಲ್ ಹಿಡಿದು ತಿರುಗಿಸಿ ತಿರುಗಿಸಿ ಒಳಗೆ ಕ್ಲೀನ್ ಮಾಡಿದ್ರು, ಮದ್ದು ಇಟ್ಟು ಮುಚ್ಚಿದ್ರು, ಸ್ವಲ್ಪ ವಾರ ಬಿಟ್ಟು ಬರ್ಲಿಕ್ಕೆ ಹೇಳಿದ್ರು. ಗುಳ್ಳೆ ಒಣಗಿದ ಮೇಲೆ ತುಂಬಿಸಿ ಮೇಲೆ ಹಲ್ಲಿನ ಬಣ್ಣದ ಫಿಲ್ಲಿಂಗ್ ಹಾಕಿದ್ರು. ಖರ್ಚು ಆದದ್ದು ಒಪಿ ಚೀಟಿ, ಎಕ್ಸ್‌ರೇ, ಸ್ವಲ್ಪ ಮಾತ್ರೆ, ಮತ್ತೆ ಬಸ್ಸಿನದ್ದು. ಗುಳ್ಳೆ ಈಗಿನವರೆಗೆ ಪುನಃ ಬರ್ಲಿಲ್ಲ. ಮೇಲಿನ ಎದುರಿನ ಹಲ್ಲಿಗೆ ಬೇರು ಒಂದೇ, ಒಳಗಿನ ನರದ ಕಾಲುವೆಯೂ ಸಾಮಾನ್ಯವಾಗಿ ಒಂದೇ, ಅದೂ ಹೆಚ್ಚುಕಮ್ಮಿ ನೇರ. ಅನುಭವ ಇರುವ ಡಾಕ್ಟ್ರಿಗೆ ದೊಡ್ಡ ಮಿಷನ್ ಇಲ್ಲದೆಯೂ ಅದನ್ನು ಚಂದ ಮಾಡ್ಲಿಕ್ಕೆ ಆಗ್ತದೆ. ಪ್ರೈವೇಟಲ್ಲಿ ಇದಕ್ಕೇ ಸಾವಿರಗಟ್ಟಲೆ ಆಗ್ತಿತ್ತು.

ಅದೇ ಡಾಕ್ಟ್ರ ಹತ್ರ ನನ್ನ ಕೆಳಗಿನ ದವಡೆ ಹಲ್ಲನ್ನೂ ತೋರಿಸಿದ್ದೆ. ಅವರು ಬಾಯಿ ನೋಡಿ, ಎಕ್ಸ್‌ರೇ ನೋಡಿ, ಮುಚ್ಚುಮರೆ ಇಲ್ಲದೆ ಹೇಳಿದ್ರು. ಇದು ರೂಟ್ ಕೆನಾಲ್ ಮಾಡಿದ್ರೆ ಉಳಿಯುವ ಹಲ್ಲು, ಆದ್ರೆ ಇಲ್ಲಿ ನನಗೆ ಒಂದೇ ಕುರ್ಚಿ, ಹೊರಗೆ ಇಷ್ಟು ಜನ, ದವಡೆ ಹಲ್ಲಿಗೆ ಒಂದು ಗಂಟೆ ಕೂತ್ರೆ ಹೊರಗಿನ ಇಪ್ಪತ್ತು ಜನ ವಾಪಸ್ ಹೋಗ್ಬೇಕು, ಮತ್ತೆ ಇಲ್ಲಿ ಕ್ಯಾಪ್, ಅಂದ್ರೆ ಹಲ್ಲಿನ ಮೇಲೆ ಕೂರಿಸುವ ಗಟ್ಟಿ ಟೊಪ್ಪಿ, ಮಾಡಿಸುವ ವ್ಯವಸ್ಥೆ ಇಲ್ಲ, ಕ್ಯಾಪ್ ಹಾಕದೆ ಬಿಟ್ಟ ದವಡೆ ಹಲ್ಲು ಒಂದಲ್ಲ ಒಂದು ದಿನ ಸೀಳ್ತದೆ, ಹಾಗಾಗಿ ಹೊರಗೆ ಮಾಡಿಸಿ, ತೆಗೆಸ್ಬೇಡಿ ಅಂತ. ಸಿಸ್ಟರ್ ಅದನ್ನು ಕನ್ನಡದಲ್ಲಿ ಹೇಳಿ ಕೊನೆಗೆ ತಮ್ಮದಾಗಿ ಒಂದು ಸೇರಿಸಿದ್ರು, “ಅಕ್ಕಾ, ಡಾಕ್ಟ್ರು ತೆಗೆಸ್ಬೇಡಿ ಅಂತ ಎಲ್ಲರಿಗೂ ಹೇಳುವುದಿಲ್ಲ, ನಿಮ್ಮದು ಒಳ್ಳೆ ಹಲ್ಲು.”

ಸರಕಾರಿ ಆಸ್ಪತ್ರೆಯ ದೊಡ್ಡ ಬೆಲೆ ನನಗೆ ಕಂಡದ್ದು ಇದರಲ್ಲಿ. ಅವರಿಗೆ ನಮ್ಮ ಹಲ್ಲಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಪ್ರೈವೇಟಿಗೆ ಹೋಗುವ ಯೋಚನೆ ಇದ್ದವರೂ ಮೊದಲು ಅಲ್ಲಿ ಒಮ್ಮೆ ತೋರಿಸಿ, ಎಕ್ಸ್‌ರೇ ಕೈಯಲ್ಲಿ ಇಟ್ಕೊಳ್ಳಿ. ರೂಟ್ ಕೆನಾಲ್ ನಿಜವಾಗಿ ಬೇಕಾ, ಬರೀ ಫಿಲ್ಲಿಂಗಲ್ಲಿ ಮುಗೀತದಾ, ಹಲ್ಲು ಉಳಿಯುವ ಸ್ಥಿತಿಯಲ್ಲಿ ಉಂಟಾ, ಈ ಮೂರಕ್ಕೆ ಅಲ್ಲಿ ಸಿಗುವ ಉತ್ತರ ಸಾಚಾ. ಆದ್ರೆ ಅದೇ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಒಬ್ಬರು, ತೋಟದ ಕೆಲಸಕ್ಕೆ ಹೋಗುವವರು, ಡಾಕ್ಟ್ರು ಹೊರಗೆ ಮಾಡಿಸಿ ಅಂದದ್ದಕ್ಕೆ ಕೂಡ್ಲೇ “ಬೇಡ ಡಾಕ್ಟ್ರೇ, ತೆಗ್ದು ಬಿಡಿ” ಅಂದ್ರು. ಒಂದು ದಿನ ಕೆಲಸ ಬಿಟ್ಟು ಬಂದಿದ್ದಾರೆ, ನೋವು ತಡೀಲಿಕ್ಕೆ ಆಗುವುದಿಲ್ಲ, ಎಂಟು ಹತ್ತು ಸಾವಿರ ಎಲ್ಲಿಂದ ತರುವುದು. ಹತ್ತು ನಿಮಿಷದಲ್ಲಿ ಹಲ್ಲು ಹೋಯ್ತು, ಬಾಯಿಗೆ ಹತ್ತಿ ಕಚ್ಚಿಕೊಂಡು ಹೊರಗೆ ಬಂದ್ರು. ಅವರದ್ದೂ ಉಳಿಯುವ ಹಲ್ಲೇ ಆಗಿತ್ತು.

ಇನ್ನು ಪ್ರೈವೇಟಿಂದು. ನೋವು ಎಷ್ಟು ಅಂದ್ರೆ ರಾತ್ರಿ ಗೋಡೆಗೆ ಒರಗಿ ಕೂತೇ ಬೆಳಗು ಮಾಡಿದ್ದೇನೆ, ಮಲಗಿದ ಕೂಡ್ಲೇ ಹಲ್ಲಿನ ಒಳಗೆ ಪಟಪಟ ಬಡೀತಿತ್ತು. ಮೆಡಿಕಲಿಂದ ಆ್ಯಂಟಿಬಯೋಟಿಕ್ ತಗೊಂಡು ನುಂಗು ಅಂತ ಸುಮಾರು ಜನ ಹೇಳಿದ್ರು. ಅದರಿಂದ ಈ ನೋವು ಹೋಗುವುದಿಲ್ಲ. ಉಬ್ಬಿದ ನರ ಹಲ್ಲಿನ ಗಟ್ಟಿ ಗೋಡೆಯ ಮಧ್ಯೆ ಸಿಕ್ಕಿ ಬಿದ್ದಿರ್ತದೆ, ಆ ನೋವಿಗೆ ಕಾರಣ ಮಾತ್ರೆ ಕೊಲ್ಲುವಂಥ ಕ್ರಿಮಿ ಅಲ್ಲ. ನರ ಸತ್ತ ಮೇಲಾದ್ರೆ ಅಲ್ಲಿಗೆ ರಕ್ತವೇ ಹರಿಯುವುದಿಲ್ಲ, ಮಾತ್ರೆ ತಲುಪುವುದಾದ್ರೂ ಹೇಗೆ? ಒಳಗಿನದ್ದನ್ನು ತೆಗ್ದು ಕ್ಲೀನ್ ಮಾಡ್ಲೇಬೇಕು. ಬಾವು ಬಂದು ಜ್ವರ ಇದ್ರೆ ಡಾಕ್ಟ್ರೇ ಬರೆದು ಕೊಡ್ತಾರೆ, ಅದು ಬೇರೆ ವಿಷಯ. ನೋವಿನ ಮಾತ್ರೆಯೂ ಹಾಗೇ, ಬಿಪಿ, ಶುಗರ್, ಕಿಡ್ನಿ ತೊಂದರೆ ಇರುವವರು ಕಂಡಕಂಡದ್ದನ್ನು ನುಂಗ್ಬಾರದು.

ಪೇಟೆಯ ಕ್ಲಿನಿಕ್ಕಿಗೆ ಫೋನ್ ಮಾಡಿದ್ರೆ ಅದೇ ದಿವಸ ಸಂಜೆಗೆ ಟೈಮ್ ಕೊಟ್ಟರು. ಡಾಕ್ಟ್ರು ಕನ್ನಡ, ತುಳು, ಮಲೆಯಾಳ ಮೂರೂ ಮಾತಾಡ್ತಾರೆ. ಕೆಳಗಿನ ದವಡೆಗೆ ಇಂಜೆಕ್ಷನ್ ಕೊಟ್ಟರು, ತುಟಿ, ನಾಲಗೆ ಅರ್ಧ ಮರಗಟ್ಟಿತು, ಆದ್ರೆ ಹಲ್ಲು ಕೊರೀಲಿಕ್ಕೆ ಶುರು ಮಾಡಿದಾಗ ಒಳಗೆ ಕುತ್ತಿದ ಹಾಗೆ ಆಯ್ತು. ಕೈ ಎತ್ತಿದೆ, ಕೂಡ್ಲೇ ನಿಲ್ಲಿಸಿದ್ರು. ತುಂಬ ಕೆರಳಿದ ಕೆಳಗಿನ ದವಡೆ ಹಲ್ಲಿಗೆ ಒಂದು ಇಂಜೆಕ್ಷನ್ ಕೆಲವೊಮ್ಮೆ ಸಾಕಾಗುವುದಿಲ್ಲ ಅಂತ ಹೇಳಿ ಹಲ್ಲಿನ ಬುಡಕ್ಕೇ ಇನ್ನೊಂದು ಕೊಟ್ಟು, ಹತ್ತು ನಿಮಿಷ ಕಾದು, ಮತ್ತೆ ಮುಟ್ಟಿದ್ರು. ಆಮೇಲೆ ನೋವೇ ಇಲ್ಲ. ಹೆದರಿ ಮನೆಯಲ್ಲಿ ಕೂತವರಿಗೆ ಇದನ್ನೇ ಹೇಳುವುದು, ನೋವಾದ್ರೆ ಕೈ ಎತ್ತಿ, ಒಳ್ಳೆ ಡಾಕ್ಟ್ರು ನಿಲ್ಲಿಸ್ತಾರೆ, ನಿಲ್ಲಿಸದವರಲ್ಲಿ ಎರಡನೇ ಸಲ ಹೋಗ್ಬೇಡಿ.

ಹಲ್ಲಿನ ಸುತ್ತ ನೀಲಿ ಬಣ್ಣದ ತೆಳು ರಬ್ಬರ್ ಹಾಳೆ ಬಿಗಿದು ಆ ಒಂದು ಹಲ್ಲು ಮಾತ್ರ ಮೇಲೆ ಕಾಣುವ ಹಾಗೆ ಮಾಡಿದ್ರು, ರಬ್ಬರ್ ಡ್ಯಾಮ್ ಅಂತ ಅದಕ್ಕೆ. ಎಂತಕ್ಕೆ ಅಂದ್ರೆ ಬಾಯಿಯ ಎಂಜಲು ಹಲ್ಲಿನ ಒಳಗೆ ಹೋಗ್ಬಾರದು, ಒಳಗೆ ತೊಳೆಯುವ ಮದ್ದು, ಆ ಸಣ್ಣ ಸಣ್ಣ ಫೈಲು ಗಂಟಲಿಗೆ ಬೀಳ್ಬಾರದು. ತೊಳೆಯುವ ಮದ್ದು ಸೋಡಿಯಂ ಹೈಪೋಕ್ಲೋರೈಟ್, ಬಟ್ಟೆಗೆ ಹಾಕುವ ಬ್ಲೀಚಿನದ್ದೇ ಜಾತಿ, ವಾಸನೆಯಲ್ಲೇ ಗೊತ್ತಾಗ್ತದೆ. ಕೆಳಗಿನ ಮೊದಲನೇ ದವಡೆ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು, ಮೂರು ಕಾಲುವೆ, ಕೆಲವರಿಗೆ ನಾಲ್ಕು. ಒಂದೊಂದರ ಉದ್ದ ಅಳೀಲಿಕ್ಕೆ ಫೈಲಿಗೆ ಒಂದು ವಯರ್ ಸಿಕ್ಕಿಸಿ, ತುಟಿಗೆ ಒಂದು ಕೊಕ್ಕೆ ಹಾಕಿದ್ರು, ಫೈಲು ಬೇರಿನ ತುದಿಯ ಹತ್ರ ಬರುವಾಗ ಮಿಷನ್ ಬೀಪ್ ಬೀಪ್ ಅನ್ನುವುದು ಬೇಗ ಬೇಗ ಆಗ್ತದೆ. ಆಮೇಲೆ ಎಕ್ಸ್‌ರೇ ತೆಗ್ದು ಕಂಪ್ಯೂಟರಲ್ಲಿ ತೋರಿಸಿದ್ರು, ಮೂರು ಬಿಳಿ ಗೆರೆ ಬೇರಿನ ತುದಿವರೆಗೆ. ಫೈಲು ಗಿಡ್ಡ ಉಳಿದ್ರೆ ಕೊಳೆ ತಳದಲ್ಲೇ ಉಳೀತದೆ, ಉದ್ದ ಆದ್ರೆ ಎಲುಬಿಗೆ ಕುತ್ತುತ್ತದೆ. ಕೆಲಸದ ಜೀವವೇ ಈ ಅಳತೆಯಲ್ಲಿ.

ಮುಂದಿನ ಸಲ ಹೋದಾಗ ತುಂಬಿಸಿದ್ರು. ತುಂಬಿಸುವ ಕಿತ್ತಳೆ ಬಣ್ಣದ ಕಡ್ಡಿಗೆ ಗಟ್ಟಾ ಪರ್ಚಾ ಅಂತ ಹೆಸರು, ಅದೂ ಒಂದು ಮರದ ಹಾಲೇ, ಮಲೇಶಿಯಾ ಕಡೆಯದ್ದು, ನಮ್ಮ ಗುಡ್ಡೆಯಲ್ಲಿ ಟ್ಯಾಪಿಂಗ್ ಮಾಡುವ ರಬ್ಬರಿನ ಹಾಗೆಯೇ ಮರದಿಂದ ಬರುವಂಥದ್ದು. ಇದು ಗೊತ್ತಾದಾಗ ನನಗೆ ಭಾರೀ ಖುಷಿ ಆಯ್ತು. ತುಂಬಿಸಿದ ಮೇಲೆ ಎರಡು ಮೂರು ದಿನ ಅಗಿಯುವಾಗ ಸ್ವಲ್ಪ ನೋವಿತ್ತು, ಅದು ಮಾಮೂಲು.

ದುಡ್ಡಿನ ವಿಷಯ. ನನಗೆ ರೂಟ್ ಕೆನಾಲಿಗೆ ಹೇಳಿದ್ದು 4,500, ಎಕ್ಸ್‌ರೇ ಸೇರಿ. ನಾನು ಅಷ್ಟೇ ಅಂತ ಹೋದದ್ದು. ಕ್ಯಾಪಿಂದು ಬೇರೆ: ಒಳಗೆ ಲೋಹ ಮೇಲೆ ಸೆರಾಮಿಕ್ಕಿದ್ದು 4,000, ಜಿರ್ಕೋನಿಯಾ ಅನ್ನುವ ಗಟ್ಟಿ ಸೆರಾಮಿಕ್ಕಿದ್ದೇ ಪೂರ್ತಿ ಆದ್ರೆ 8,000ದ ಮೇಲೆ, ವಾರಂಟಿ ಕಾರ್ಡ್ ಸಮೇತ. ಈ ಕ್ಯಾಪಿನ ಮಾತು ಫೋನಲ್ಲಿ ರೇಟ್ ಕೇಳಿದಾಗ ಬರ್ಲಿಲ್ಲ, ಕುರ್ಚಿಯಲ್ಲಿ ಕೂತ ಮೇಲೆ ಬಂತು. ಹೆಚ್ಚಿನ ಕ್ಲಿನಿಕ್ಕುಗಳದ್ದು ಇದೇ ಕ್ರಮ ಅಂತ ಆಮೇಲೆ ನಾಲ್ಕು ಜನರನ್ನು ಕೇಳಿದಾಗ ಗೊತ್ತಾಯ್ತು, ನನಗೆ ಇದು ಸರಿ ಕಾಣುವುದಿಲ್ಲ. ದವಡೆ ಹಲ್ಲಿಗೆ ಕ್ಯಾಪ್ ಅನ್ನುವುದು ಶೋಕಿ ಅಲ್ಲ, ಅದು ಚಿಕಿತ್ಸೆಯ ಅರ್ಧ ಭಾಗ, ರೇಟು ಹೇಳುವಾಗ ಎರಡನ್ನೂ ಸೇರಿಸಿಯೇ ಹೇಳ್ಬೇಕು. ಅರ್ಧ ಲೆಕ್ಕ ಕೇಳಿ ಹೋದ ಬಡವರು ಕೆಲಸ ಅರ್ಧಕ್ಕೇ ನಿಲ್ಲಿಸಿ ಬರ್ತಾರೆ, ನೋವು ಹೇಗೂ ಹೋಯ್ತಲ್ಲ, ಕ್ಯಾಪ್ ಅಡಿಕೆ ಮಾರಿದ ಮೇಲೆ ನೋಡುವ ಅಂತ.

ಹಾಗೆ ನಿಲ್ಲಿಸಿದ ನಮ್ಮ ನೆರೆಮನೆಯ ಮಾವನದ್ದು ನಾನು ಕಣ್ಣಾರೆ ಕಂಡದ್ದು. ರೂಟ್ ಕೆನಾಲ್ ಚಂದ ಆಗಿತ್ತು, ಮೇಲೆ ಟೆಂಪರರಿ ಸಿಮೆಂಟ್ ಮಾತ್ರ. ಅಡಿಕೆ ಬೆಲೆ ಏರ್ಲಿ ಅಂತ ಕಾದ್ರು. ಒಂದು ದಿನ ಹಪ್ಪಳ ಕಚ್ಚುವಾಗ ಟಕ್ ಅಂತ ಶಬ್ದ, ಹಲ್ಲು ಮೇಲಿಂದ ಬೇರಿನವರೆಗೆ ಎರಡು ಸೀಳು. ಅದನ್ನು ಯಾವ ಡಾಕ್ಟ್ರೂ ಕೂಡಿಸ್ಲಿಕ್ಕೆ ಆಗುವುದಿಲ್ಲ, ತೆಗೀಲೇಬೇಕಾಯ್ತು. ಹುಳುಕು ತಿಂದು, ಡಾಕ್ಟ್ರು ದಾರಿ ಕೊರೆದು, ಸುತ್ತ ಉಳಿದ ಗೋಡೆ ತೆಳು ಇರ್ತದೆ, ಅಗಿಯುವ ಒತ್ತಡವೆಲ್ಲ ಬೀಳುವುದು ದವಡೆ ಹಲ್ಲಿನ ಮೇಲೆಯೇ. ಮಾವನ 4,500 ಮತ್ತೆ ಹಲ್ಲು ಎರಡೂ ಹೋಯ್ತು. ಕ್ಯಾಪಿಗೆ ದುಡ್ಡು ಕೂಡದಿದ್ರೆ ಕಮ್ಮಿ ರೇಟಿನ ಪೂರ್ತಿ ಲೋಹದ್ದು ಉಂಟಾ ಅಂತ ಕೇಳಿ. ಹಿಂದಿನ ಹಲ್ಲಿಗೆ ಅದು ಗಟ್ಟಿ ಮುಟ್ಟು, ನಗುವಾಗ ಕಾಣುವುದೂ ಇಲ್ಲ.

ನಾನು ಸೆರಾಮಿಕ್ಕಿದ್ದು ಹಾಕಿಸಿದೆ, ಅಳತೆ ತೆಗ್ದು ಲ್ಯಾಬಿಗೆ ಕಳಿಸಿ ಒಂದು ವಾರದಲ್ಲಿ ಬಂತು. ಕೂತದ್ದು ಸರಿ ಉಂಟು, ಈಗ ಅದರಲ್ಲೇ ಅಗಿಯುತ್ತೇನೆ. ಕ್ಲಿನಿಕ್ಕಿಗೆ ಕೆಲಸದಲ್ಲಿ ಪೂರ್ತಿ ಮಾರ್ಕು, ರೇಟು ಹೇಳುವ ಕ್ರಮಕ್ಕೆ ಕಮ್ಮಿ ಮಾರ್ಕು. ಇನ್ನೊಂದು, ಇನ್ಶೂರೆನ್ಸ್ ಕಾರ್ಡು ನಂಬಿ ಹೋಗ್ಬೇಡಿ. ಕೇರಳ ಸರಕಾರದ ಕಾರುಣ್ಯ ಆರೋಗ್ಯ ಸುರಕ್ಷಾ ಕಾರ್ಡಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ಅಂತ ಇರುವುದು ಆಸ್ಪತ್ರೆಯಲ್ಲಿ ಅಡ್ಮಿಟ್ ಆಗುವ ಚಿಕಿತ್ಸೆಗೆ, ಕುರ್ಚಿಯಲ್ಲಿ ಕೂತು ಎದ್ದು ಬರುವ ರೂಟ್ ಕೆನಾಲ್ ಅದರಲ್ಲಿ ಬರುವಂಥದ್ದಲ್ಲ.

ತಮ್ಮನದ್ದು ಡೆಂಟಲ್ ಕಾಲೇಜಿನ ಕತೆ. ನಮಗೆ ಈ ವಿಷಯದಲ್ಲಿ ಜಾಗ ಒಳ್ಳೇದುಂಟು. ಪೊಯಿನಾಚಿಯಲ್ಲಿ ಒಂದು ಡೆಂಟಲ್ ಕಾಲೇಜು, ಗಡಿ ದಾಟಿದ್ರೆ ದೇರಳಕಟ್ಟೆ, ಮಂಗಳೂರು, ಆಚೆ ಸುಳ್ಯ. ಇವೆಲ್ಲ ಪ್ರೈವೇಟ್ ಕಾಲೇಜುಗಳೇ, ಆದ್ರೆ ಕಲಿಯುವ ಮಕ್ಕಳಿಗೆ ರೋಗಿಗಳು ಬೇಕು, ಹಾಗಾಗಿ ರೇಟು ಕ್ಲಿನಿಕ್ಕಿನದ್ದಕ್ಕಿಂತ ತುಂಬ ಕಮ್ಮಿ. ಸರಕಾರಿ ಡೆಂಟಲ್ ಕಾಲೇಜು ಬೇಕು ಅಂದ್ರೆ ನಮಗೆ ಹತ್ತಿರದ್ದು ಪರಿಯಾರಂ, ಪಯ್ಯನ್ನೂರು ದಾಟಿ ಕಣ್ಣೂರು ಜಿಲ್ಲೆಯಲ್ಲಿ. ಮಂಜೇಶ್ವರ, ಉಪ್ಪಳದವರಿಗೆ ಅದು ದೂರವೇ ದೂರ.

ತಮ್ಮನದ್ದು ಮೇಲಿನ ದವಡೆ ಹಲ್ಲು. ಕಾಲೇಜಿನಲ್ಲಿ ಮೊದಲು ಹೆಸರು ಬರೆಸ್ಬೇಕು, ಒಂದು ವಿಭಾಗದಲ್ಲಿ ನೋಡಿ ಇನ್ನೊಂದಕ್ಕೆ ಕಳಿಸ್ತಾರೆ, ಎಕ್ಸ್‌ರೇಗೆ ಬೇರೆ ಕ್ಯೂ, ಬೆಳಿಗ್ಗೆ ಹೋದವನು ಮಧ್ಯಾಹ್ನ ದಾಟಿ ಬರುವುದು. ಮಾಡಿದವರು ಎಂಡಿಎಸ್ ಮಾಡ್ತಿರುವ ಒಬ್ಬ ಹುಡುಗಿ, ಅಂದ್ರೆ ಹಲ್ಲಿನ ಡಾಕ್ಟ್ರಾಗುವ ಮೊದಲ ಡಿಗ್ರಿ ಬಿಡಿಎಸ್ ಮುಗಿಸಿ ರೂಟ್ ಕೆನಾಲಿನ ವಿಷಯವನ್ನೇ ಮುಂದೆ ಕಲಿಯುವವಳು. ಸ್ಟೂಡೆಂಟ್ ಅಂದ್ರೆ ತಮ್ಮ ಸ್ವಲ್ಪ ಹೆದರಿದ. ಆದ್ರೆ ಅಲ್ಲಿ ಒಂದೊಂದು ಹಂತ ಆದ ಮೇಲೂ ಹಿರಿಯ ಡಾಕ್ಟ್ರು ಬಂದು ಬಗ್ಗಿ ನೋಡಿ ಸಹಿ ಹಾಕಿದ ಮೇಲೆಯೇ ಮುಂದಿನದ್ದು, ಕ್ಲಿನಿಕ್ಕಲ್ಲಿ ಹಾಗೆ ಎರಡನೇ ಕಣ್ಣು ಇರುವುದಿಲ್ಲ. ಮೇಲಿನ ಮೊದಲನೇ ದವಡೆ ಹಲ್ಲಿಗೆ ಮೂರು ಬೇರು, ಆದ್ರೆ ಕೆನ್ನೆ ಬದಿಯ ಮುಂದಿನ ಬೇರಿನಲ್ಲಿ ತುಂಬ ಸಲ ಇನ್ನೊಂದು ಸಪೂರ ಕಾಲುವೆ ಅಡಗಿ ಇರ್ತದೆ, ಅದು ಬಿಟ್ಟು ಹೋದ್ರೆ ವರ್ಷ ಕಳೆದು ಪುನಃ ನೋವು. ಆ ಹುಡುಗಿ ಕಣ್ಣಿಗೆ ದೊಡ್ಡದು ಮಾಡಿ ತೋರಿಸುವ ಕನ್ನಡಕ ಹಾಕಿ ತುಂಬ ಹೊತ್ತು ಹುಡುಕಿ ಅದನ್ನು ಹಿಡಿದಳು, ಅವಳ ಸರ್ “ಸಿಕ್ಕಿತಲ್ಲ!” ಅಂದದ್ದು ಬಾಯಿ ತೆರೆದೇ ಮಲಗಿದ್ದ ತಮ್ಮನಿಗೂ ಕೇಳಿಸಿತು. ಅಷ್ಟು ತಾಳ್ಮೆಗೆ ಬಿಡುವು ಆ ಸರಕಾರಿ ಡಾಕ್ಟ್ರಿಗೂ ಇಲ್ಲ, ಗಂಟೆಗೊಬ್ಬರು ರೋಗಿ ಇಟ್ಟುಕೊಂಡ ಕ್ಲಿನಿಕ್ಕಿನವರಿಗೂ ಕಷ್ಟ.

ಕ್ಯಾಪ್ ಸಮೇತ ಅವನಿಗೆ ಆದದ್ದು ನನ್ನದರ ಅರ್ಧಕ್ಕಿಂತಲೂ ಕಮ್ಮಿ. ಆದ್ರೆ ಹೋದಾಗಲೆಲ್ಲ ಒಂದು ದಿವಸದ ಕೆಲಸ ಹೋಗ್ತದೆ, ಪರೀಕ್ಷೆ ಸಮಯ, ಮಕ್ಕಳ ರಜೆ ಅಂತ ಮಧ್ಯೆ ತಡ ಆಗ್ತದೆ. ಸಂಬಳ ಕಟ್ ಆಗುವವರು ಅದನ್ನೂ ಲೆಕ್ಕಕ್ಕೆ ಹಿಡೀಬೇಕು, ದಿನಗೂಲಿಯವರಿಗೆ ಕಡೆಗೆ ನೋಡಿದ್ರೆ ದೊಡ್ಡ ವ್ಯತ್ಯಾಸ ಉಳಿಯದೆಯೂ ಇರಬಹುದು. ಮತ್ತೆ ಗಡಿ ಆಚೆಗೆ ಹೋಗುವ ವಿಷಯ ಬಂದಾಗ ನಮ್ಮ ಕಡೆಯವರಿಗೆ ಕೊರೊನಾ ಲಾಕ್‌ಡೌನಿನ 2020ರ ಮಾರ್ಚ್ ನೆನಪಾಗದೆ ಇರುವುದಿಲ್ಲ. ತಲಪಾಡಿಯಲ್ಲಿ ಗಡಿ ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿದು, ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ ನಮ್ಮವರು ದಾಟ್ಲಿಕ್ಕೆ ಆಗದೆ ಜೀವ ಬಿಟ್ಟದ್ದುಂಟು. ಹಲ್ಲು ನೋವು ಅಷ್ಟು ದೊಡ್ಡದಲ್ಲ ನಿಜ, ಆದ್ರೆ ಎಲ್ಲದಕ್ಕೂ ಆಚೆಯನ್ನೇ ನೆಚ್ಚಿಕೊಂಡ ಜಿಲ್ಲೆಗೆ ತನ್ನದು ಅಂತ ಎಂತ ಉಂಟು ಅನ್ನುವ ಪ್ರಶ್ನೆ ಹಲ್ಲಿನಲ್ಲೂ ಅದೇ.

ಇಲ್ಲಿ ನನಗೆ ಸಿಟ್ಟು ಬರುವ ಒಂದು ವಿಷಯ ಹೇಳ್ಲೇಬೇಕು. ಕೇರಳದಲ್ಲಿ ಮಂದಹಾಸಂ ಅಂತ ಯೋಜನೆ ಉಂಟು, ಬಿಪಿಎಲ್ಲಿನ ಅರುವತ್ತು ದಾಟಿದವರಿಗೆ ಫ್ರೀಯಾಗಿ ಹಲ್ಲಿನ ಸೆಟ್. ಕರ್ನಾಟಕದಲ್ಲಿ ದಂತಭಾಗ್ಯ, ಅದೂ ಸೆಟ್ಟಿನದ್ದೇ. ಒಳ್ಳೇದೇ, ಹಲ್ಲಿಲ್ಲದ ಅಜ್ಜ ಅಜ್ಜಿಯರಿಗೆ ಉಣ್ಲಿಕ್ಕೆ ಆಗ್ತದೆ, ಅದನ್ನು ಯಾರೂ ಬೇಡ ಅನ್ನುವುದಿಲ್ಲ. ಆದ್ರೆ ಮೂವತ್ತೈದು ವರ್ಷದ ಕೂಲಿ ಹೆಂಗಸಿನ ಉಳಿಯುವ ದವಡೆ ಹಲ್ಲಿಗೆ ಒಂದು ಕ್ಯಾಪ್ ಹಾಕಿ ಕೊಡ್ಲಿಕ್ಕೆ ನಾವು ಹೋದ ಆಸ್ಪತ್ರೆಯಲ್ಲಿ ದಾರಿ ಇಲ್ಲ, ಎಲ್ಲ ಹಲ್ಲು ಹೋಗಿ ಅರುವತ್ತು ಆದ ಮೇಲೆ ಸೆಟ್ ಕೊಡ್ತೇವೆ ಅಂದ್ರೆ ಮಧ್ಯದ ಇಪ್ಪತ್ತೈದು ವರ್ಷ ಆಕೆ ಎಂತದರಲ್ಲಿ ಅಗಿಯುವುದು? ಒಂದು ದವಡೆ ಹಲ್ಲು ಹೋದ್ರೆ ಪಕ್ಕದ್ದು ಆ ಖಾಲಿ ಜಾಗಕ್ಕೆ ವಾಲ್ತದೆ, ಎದುರಿನ ದವಡೆಯದ್ದು ಕೆಳಗೆ ಇಳೀತದೆ, ಸಂದಿನಲ್ಲಿ ಅನ್ನ ಸಿಕ್ಕಿ ಅವಕ್ಕೂ ಹುಳುಕು. ಇಂಪ್ಲಾಂಟ್ (ಎಲುಬಿಗೆ ಸ್ಕ್ರೂ ಕೂರಿಸಿ ಅದರ ಮೇಲೆ ಹಾಕುವ ಕೃತಕ ಹಲ್ಲು) ಹಾಕಿಸುವುದು ಅಂದ್ರೆ ರೂಟ್ ಕೆನಾಲಿನ ಎಷ್ಟೋ ಪಟ್ಟು ಖರ್ಚು. ತಾಲೂಕು ಆಸ್ಪತ್ರೆಗೆ ಇನ್ನೊಬ್ಬ ಹಲ್ಲಿನ ಡಾಕ್ಟ್ರು, ಇನ್ನೊಂದು ಕುರ್ಚಿ, ಕ್ಯಾಪ್ ಮಾಡಿಸ್ಲಿಕ್ಕೆ ಒಂದು ಲ್ಯಾಬಿನ ಜೊತೆ ಒಪ್ಪಂದ, ಇಷ್ಟಾದ್ರೆ ಸಾಕು. ರೋಗಿಯಿಂದ ಲ್ಯಾಬಿನ ಅಸಲು ಖರ್ಚು ಮಾತ್ರ ತಗೊಂಡ್ರೂ ಜನ ಕೊಡ್ತಾರೆ. ಆಸ್ಪತ್ರೆಯ ಮ್ಯಾನೇಜ್‌ಮೆಂಟ್ ಕಮಿಟಿಯಲ್ಲಿ ನಮ್ಮ ಪಂಚಾಯತಿನವರೂ ಇರ್ತಾರಲ್ಲ, ಅವರ ಕಿವಿಗೆ ಇದನ್ನು ಹಾಕ್ತಾ ಇರ್ಬೇಕು.

ನಮ್ಮ ಊರಿಗೇ ಸಂಬಂಧಪಟ್ಟದ್ದು ಇನ್ನೊಂದು ಉಂಟು. ಎಲೆ ಅಡಿಕೆ. ಒಣ ಗೋಟು ಕಚ್ಚಿ ಕಚ್ಚಿ ಹಲ್ಲು ಸವೆದು ಸಣ್ಣ ಬಿರುಕು ಬಿಡ್ತದೆ, ಅದು ಒಂದು. ಹೆಚ್ಚಿನದ್ದು ಎಂತ ಅಂದ್ರೆ ವರ್ಷಗಟ್ಟಲೆ ಅಡಿಕೆ, ಅದಕ್ಕಿಂತಲೂ ಗುಟ್ಕಾ ಹಾಕಿದವರಿಗೆ ಕೆನ್ನೆಯ ಒಳಗಿನ ಚರ್ಮ ಬಿಗಿದು ಬಾಯಿ ಪೂರ್ತಿ ತೆರೀಲಿಕ್ಕೆ ಆಗುವುದಿಲ್ಲ. ಹಿಂದಿನ ಹಲ್ಲಿಗೆ ರೂಟ್ ಕೆನಾಲ್ ಮಾಡ್ಲಿಕ್ಕೆ ಡಾಕ್ಟ್ರ ಕೈಯೇ ಒಳಗೆ ಹೋಗ್ಬೇಕಲ್ಲ. ನಾನು ಕೂತಿದ್ದ ದಿವಸವೇ ಒಬ್ಬ ಚಿಕ್ಕ ಪ್ರಾಯದವನನ್ನು ಎರಡು ಬೆರಳು ಹಿಡಿಯುವಷ್ಟೂ ಬಾಯಿ ಬರುವುದಿಲ್ಲ ಅಂತ ವಾಪಸ್ ಕಳಿಸಿ, ಮೊದಲು ಆ ಬಾಯಿಯದ್ದನ್ನು ತೋರಿಸು ಅಂತ ಬೇರೆ ವಿಭಾಗಕ್ಕೆ ಬರೆದು ಕೊಟ್ಟರು. ಬಾಯಿ ಉರಿ, ಖಾರ ಆಗದ್ದು, ಬಾಯಿ ಸಣ್ಣ ಆಗ್ತಾ ಬಂದದ್ದು ಕಂಡ್ರೆ ಹಲ್ಲಿನ ಲೆಕ್ಕ ಆಮೇಲೆ, ಅದನ್ನು ತಡ ಮಾಡದೆ ತೋರಿಸಿ, ಮುಂದೆ ಕ್ಯಾನ್ಸರಿಗೆ ತಿರುಗುವ ಸಾಧ್ಯತೆ ಅದಕ್ಕುಂಟು.

ಯಾವ ಕ್ಲಿನಿಕ್ಕಿಗೆ ಹೋಗುವ ಮೊದಲೂ ಫೋನಲ್ಲೇ ಕೇಳಿ: ಕ್ಯಾಪ್ ಸೇರಿ ಒಟ್ಟು ಎಷ್ಟಾಗ್ತದೆ, ಮಾಡುವವರು ಬಿಡಿಎಸ್ ಡಾಕ್ಟ್ರಾ ಇಲ್ಲ ವಾರಕ್ಕೊಮ್ಮೆ ಬರುವ ರೂಟ್ ಕೆನಾಲ್ ಸ್ಪೆಷಲಿಸ್ಟಾ, ರಬ್ಬರ್ ಡ್ಯಾಮ್ ಹಾಕ್ತಾರಾ, ತುಂಬಿಸಿದ ಮೇಲಿನ ಎಕ್ಸ್‌ರೇ ನಮ್ಮ ಕೈಗೆ ಕೊಡ್ತಾರಾ. ಬಿಡಿಎಸ್ ಡಾಕ್ಟ್ರು ಮಾಡಿದ್ರೆ ತಪ್ಪೇನಿಲ್ಲ, ಅನುಭವ ಇದ್ದವರು ಚಂದ ಮಾಡ್ತಾರೆ, ಆದ್ರೆ ಹಿಂದೆ ಒಮ್ಮೆ ಮಾಡಿಸಿ ಹಾಳಾದ ಹಲ್ಲನ್ನು ಪುನಃ ಮಾಡಿಸುವುದಾದ್ರೆ ಸ್ಪೆಷಲಿಸ್ಟ್ ಹತ್ರವೇ ಹೋಗಿ. ಈ ನಾಲ್ಕು ಮಾತಿಗೆ ಬೇಸರ ಮಾಡದೆ ಉತ್ತರ ಹೇಳುವ ಕ್ಲಿನಿಕ್ ಒಳ್ಳೇದಿರ್ತದೆ.

ಮತ್ತೆ ಇದೊಂದಕ್ಕೆ ಸರಕಾರಿ, ಪ್ರೈವೇಟ್ ಅಂತ ಯೋಚನೆ ಮಾಡ್ತಾ ಕೂರ್ಬಾರದು: ಬಾವು ಕೆನ್ನೆಯಿಂದ ಗದ್ದದ ಅಡಿಗೆ, ಕುತ್ತಿಗೆಗೆ ಇಳೀತಾ ಉಂಟು, ಜ್ವರ ಉಂಟು, ಬಾಯಿ ತೆರೀಲಿಕ್ಕೆ, ಎಂಜಲು ನುಂಗ್ಲಿಕ್ಕೆ ಕಷ್ಟ ಅಂತಾದ್ರೆ ಹಲ್ಲಿನ ಕ್ಲಿನಿಕ್ ತೆರೆಯುವವರೆಗೆ ಕಾಯದೆ ರಾತ್ರಿಯಾದ್ರೂ ದೊಡ್ಡ ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಓಡಿ. ಶ್ವಾಸದ ದಾರಿ ಕಟ್ಟಿ ಜೀವಕ್ಕೇ ಬರ್ತದೆ. ಶುಗರ್ ಇರುವವರಿಗೆ ಅದು ಇನ್ನೂ ಬೇಗ ಏರ್ತದೆ.

ಅಮ್ಮನಿಗೆ ಈಗ ಮೇಲಿನ ಒಂದು ದವಡೆ ಹಲ್ಲು ಬಿಸಿ ಚಾಕ್ಕೆ ಕಡೀಲಿಕ್ಕೆ ಶುರುವಾಗಿದೆ. ಸರಕಾರಿ ಆಸ್ಪತ್ರೆಯಲ್ಲೇ ಮೊದಲು ತೋರಿಸ್ತೇವೆ, ಉಳಿಯುವಂಥದ್ದು ಅಂದ್ರೆ ಈ ಸಲ ಪರಿಯಾರಂಗೆ ಕರ್ಕೊಂಡು ಹೋಗುವ ಅಂತ ಉಂಟು, ಕಾಸರಗೋಡಿಂದ ಬೆಳಗ್ಗಿನ ರೈಲು ಹಿಡಿದ್ರೆ ಒಪಿಗೆ ಮುಟ್ಟಬಹುದು. ಅಲ್ಲಿ ದವಡೆ ಹಲ್ಲು ಮಾಡಿಸಿ ಕ್ಯಾಪ್ ಹಾಕಿಸಿದವರು ನಮ್ಮ ಕಡೆಯವರು ಯಾರಾದ್ರೂ ಇದ್ರೆ ಎಷ್ಟು ಸಲ ಹೋಗ್ಬೇಕಾಯ್ತು, ಕ್ಯಾಪಿಗೆ ಎಷ್ಟು ತಗೊಂಡ್ರು, ಕನ್ನಡ ಗೊತ್ತಿರುವವರು ಯಾರಾದ್ರೂ ಇದ್ದಾರಾ ಅಂತ ದಯವಿಟ್ಟು ತಿಳಿಸಿ.